ಶಾಣ್ಯಾ ಕೂಸು

ನನ್ನ ಮಗಳು ಹುಟ್ಟಿದಾಗ ನೋಡಲು ಬಂದವರೆಲ್ಲ ಹೊಗಳಿದ್ದು ಒಂದೇ ಗುಣವನ್ನು. ಅವಳು ಅಳುತ್ತಿರಲಿಲ್ಲ. ಬಾಣಂತನಕ್ಕೆ ನಾನು ತವರುಮನೆ ರನ್ನ ಬೆಳಗಲಿಯಲ್ಲಿದ್ದೆ. ಓಣಿಯ ಹೆಂಗಸರು ತೊಟ್ಟಿಲಿನೊಳಗೆ ಬಗ್ಗಿ ನೋಡಿ, "ಎಷ್ಟ ಶಾಣ್ಯಾ ಐತಿಬೇ ಕೂಸು! ಒಂದ ಸಲನೂ ಚಿಟ್ ಅನ್ನವಲ್ದು" ಎಂದು ನೆಟಿಗೆ ಮುರಿದು ಹೋಗುತ್ತಿದ್ದರು. ನಮ್ಮ ಕಡೆ ಶಾಣ್ಯಾ ಅಂದರೆ ಬುದ್ಧಿವಂತ. ಅಳದ, ಕಾಡದ, ಹಾಕಿದಲ್ಲೇ ಬಿದ್ದಿರುವ ಕೂಸಿಗೂ ಅದೇ ಮಾತು. ನಮ್ಮವ್ವನಿಗೆ ಹೆಮ್ಮೆಯೋ ಹೆಮ್ಮೆ. "ನನ್ನ ಮೊಮ್ಮಗಳು ಅವರವ್ವನಂಗ ಒದರಬಡಕಿ ಅಲ್ಲ ನೋಡ್ರಿ" ಎಂದು ಬಂದವರ ಮುಂದೆಲ್ಲ ನನ್ನ ಮಾನ ಕಳೆಯುತ್ತಿದ್ದಳು. ನಾನು ಹುಟ್ಟಿದಾಗ ಓಣಿಗೆ ಓಣಿಯೇ ನಿದ್ದೆಗೆಟ್ಟಿತ್ತಂತೆ.

ಒದರಬಡಕಿ ಅನ್ನುವುದು ಸುಳ್ಳೇನಲ್ಲ. ಜಮಖಂಡಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ, ನನ್ನ ದನಿ ಮೈಕಿಲ್ಲದೆ ಕಡೆಯ ಬೆಂಚಿಗೆ ಮುಟ್ಟುತ್ತದೆ. ಗಂಡನ ಮನೆ ಬನಹಟ್ಟಿ, ಅವರದು ಮಗ್ಗದ ವ್ಯವಹಾರ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿಕೆ ಮಾತ್ರ ನನ್ನ ಜಾಯಮಾನದ್ದಲ್ಲ ಎಂದುಕೊಂಡಿದ್ದೆ. ಆ ಜಂಬವನ್ನು ಮುರಿದದ್ದು ಅಂಗೈಯಗಲದ ಆ ಕೂಸು.

ಮೊದಲು ಹೆದರಿದ್ದು ಅವಳ ಪಾದ ಮುಟ್ಟಿದಾಗ. ಬೇಸಿಗೆಯ ದಿನ, ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ನಾನು ಬೆವರಿ ತೊಯ್ದುಹೋಗಿದ್ದೆ. ಅವಳ ಕಾಲು ಮಾತ್ರ ಮಣ್ಣಿನ ಕೊಡದಂತೆ ತಣ್ಣಗಿತ್ತು. ಹಾಲು ಕುಡಿಯುತ್ತ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು. ಎಬ್ಬಿಸಲು ಅಂಗಾಲಿಗೆ ಚಿವುಟಿದರೆ ಬಾಯಿ ತೆರೆಯುತ್ತಿದ್ದಳು, ಬರುತ್ತಿದ್ದದ್ದು ಗಂಟಲು ಕಟ್ಟಿದ ಮುದುಕಿಯ ದನಿ. ಹೊಟ್ಟೆ ಉಬ್ಬಿ ಹೊಕ್ಕುಳು ಮುಂದೆ ಬಂದಿತ್ತು. ಇದನ್ನೆಲ್ಲ ಒಂದೊಂದಾಗಿ ನೋಡಿದರೆ ಏನೂ ಅಲ್ಲ, ಯಾವ ಕೂಸಿಗೂ ಇರಬಹುದು. ಒಟ್ಟಿಗೆ ನೋಡಿದಾಗ ಮಾತ್ರ ಹೆದರಿಕೆಯಾಯಿತು.

ಇನ್ನು ಬಣ್ಣ. ನಮ್ಮದು ಬೀರೇಶ್ವರನ ಒಕ್ಕಲು. ದೇವರ ಮುಂದಿನ ಭಂಡಾರ, ಅಂದರೆ ಅರಿಶಿನದ ಪುಡಿ, ಮನೆಯಲ್ಲಿ ಎಲ್ಲರ ಹಣೆಯ ಮೇಲೂ ಇರುತ್ತದೆ. ಅವ್ವ ಮೊಮ್ಮಗಳಿಗೆ ಹಣೆ ಮಾತ್ರವಲ್ಲ, ಎದೆ, ಹೊಟ್ಟೆ, ಅಂಗಾಲು ಎಲ್ಲಕ್ಕೂ ಹಚ್ಚುತ್ತಿದ್ದಳು. ಹೀಗಾಗಿ ಕೂಸು ಹಳದಿ ಆಗಿದ್ದು ಯಾರಿಗೂ ಕಾಣಲಿಲ್ಲ. ಒಂದು ಮಧ್ಯಾಹ್ನ ಒದ್ದೆ ಬಟ್ಟೆಯಿಂದ ಅದರ ಮುಖ ಒರೆಸುವಾಗ ಕಣ್ಣು ತೆರೆಯಿತು. ಬಿಳಿ ಇರಬೇಕಾದ ಜಾಗವೂ ಹಳದಿ. ಭಂಡಾರ ಕಣ್ಣಿನ ಒಳಗೆ ಹೋಗುವುದಿಲ್ಲವಲ್ಲ.

"ಯವ್ವಾ, ಇಲ್ಲಿ ಬಾ. ಕೂಸಿನ ಕಣ್ಣು ನೋಡು" ಎಂದು ಕೂಗಿದೆ.

ಅವ್ವ ಬಂದು ನೋಡಿದಳು. "ಮುಂಜಾನೆ ಎಳಿಬಿಸಲಿಗೆ ಹಿಡದ್ರ ಹೋಗತೈತಿ. ನಿನಗೂ ಆಗಿತ್ತು."

"ನನಗ ಇಷ್ಟ ದಿನ ಇತ್ತೇನು? ಕಾಲು ಮುಟ್ಟಿ ನೋಡು, ಹೆಂಗ ತಣ್ಣಗದಾವು. ಹಾಲು ಕುಡಿಯೂದ ಅರ್ಧಕ್ಕ ಬಿಟ್ಟು ಮಲಕೊಂತೈತಿ."

"ನೀ ಕಾಲೇಜಿನ್ಯಾಗ ಓದಿದ್ದೆಲ್ಲಾ ತಂದು ಈ ಕೂಸಿನ ಮ್ಯಾಲೆ ಹೇರಬ್ಯಾಡ ನೋಡು. ಗಪ್ ಮಲಗೇತಿ, ಮಲಗಲಿ."

"ಗಪ್ ಮಲಗೇತಿ ಅಂತನ ನನಗ ಹೆದರಿಕಿ ಬಂದೈತಿ!" ಎಂದು ಚೀರಿದೆ. ಅಷ್ಟು ಜೋರಾಗಿ ಚೀರಿದರೂ ಮಗ್ಗುಲಲ್ಲಿದ್ದ ಕೂಸು ಬೆಚ್ಚಲಿಲ್ಲ. ಅದನ್ನು ಅವ್ವನೂ ನೋಡಿದಳು. ಆಮೇಲೆ ಅವಳು ವಾದ ಮಾಡಲಿಲ್ಲ. ತಿಂಗಳು ತುಂಬದ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಕಟ್ಟುನಿಟ್ಟು ಮಾಡಿದ್ದವಳೇ ನನ್ನ ಕಿವಿಗೆ ಅರಳೆ ತುರುಕಿ, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿ, ನನ್ನ ಗಂಡನಿಗೆ ಫೋನು ಮಾಡಿಸಿದಳು.

ಜಮಖಂಡಿಯ ಮಕ್ಕಳ ಡಾಕ್ಟರು ವಯಸ್ಸಾದವರು, ಸಾವಧಾನದ ಮನುಷ್ಯ. ಕೂಸಿನ ನೆತ್ತಿ ಮುಟ್ಟಿ, ನಾಲಿಗೆ ನೋಡಿ, ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಸಿದರು. ಚುಚ್ಚಿದಾಗಲೂ ಅವಳು ತಡೆದು, ನೆನಪಿಸಿಕೊಂಡವಳಂತೆ ಅತ್ತಳು. ವರದಿ ಬಂದ ದಿನ ಅವರು ನಮ್ಮನ್ನು ಎದುರಿಗೆ ಕೂಡಿಸಿಕೊಂಡು, "ಏನು ಕಲಸ್ತೀರಿ ಕಾಲೇಜಿನ್ಯಾಗ?" ಎಂದು ಕೇಳಿದರು.

"ಬಯಾಲಜಿರಿ."

"ಹಂಗಾರ ನಿಮಗ ಮುಚ್ಚಿ ಹೇಳೂದು ಏನೈತಿ. ಕೂಸಿಗೆ ಥೈರಾಯ್ಡ್ ಗ್ರಂಥಿ ಕೆಲಸಾ ಮಾಡವಲ್ದು. ಹುಟ್ಟತಾನ ಹಂಗ ಐತಿ. ಗುಳಗಿ ಇವತ್ತಿಂದನ ಚಾಲೂ ಮಾಡೂಣು. ದಿನಾ ಒಂದು. ಪುಡಿ ಮಾಡಿ, ನಿಮ್ಮ ಹಾಲಿನ್ಯಾಗ ಕಲಿಸಿ, ಚಮಚಿಲೆ ಹಾಕ್ರಿ. ಒಂದ ದಿನನೂ ತಪ್ಪಬಾರದು."

"ಲೇಟಾತೇನ್ರಿ?" ಎಂದೆ.

ಅವರು ಕನ್ನಡಕ ತೆಗೆದರು. "ಅದನ್ನ ಈಗ ನಾ ಹೇಳಾಕ ಬರಾಂಗಿಲ್ಲ ತಾಯಿ. ಕೂಸ ಹೇಳಬೇಕು, ದೊಡ್ಡದಾದ ಮ್ಯಾಲೆ. ಕೈಕಾಲು, ಎತ್ತರಾ ಎಲ್ಲಾ ಗುಳಗಿಲೆ ಸುಧಾರಿಸತಾವು. ಮಿದುಳಿಂದ ಮಾತ್ರ ಈಗ ಎಷ್ಟ ಸಿಗತೈತಿ ಅಷ್ಟ."

ನನ್ನ ಗಂಡ ಗುಳಿಗೆ ತರಲು ಎದ್ದು ಹೋದರು. ಅವರಿಗೆ ಗುಳಿಗೆ ಇದೆ ಎಂಬುದೇ ಸಮಾಧಾನ. ನನಗೆ ಆ ಸಮಾಧಾನವೂ ಸಿಗಲಿಲ್ಲ. ಹಾಳು ಓದು, ಓದಿದ್ದೇ ನನಗೆ ಮುಳುವಾಯಿತು.

ಥೈರಾಯ್ಡ್ ಹಾರ್ಮೋನು ಜೀವಕೋಶದೊಳಗೆ ಹೇಗೆ ಕೆಲಸ ಮಾಡುತ್ತದೆ, ಚಿತ್ರ ಬಿಡಿಸಿ ವಿವರಿಸಿ. ಎಷ್ಟು ಸಲ ಪರೀಕ್ಷೆಯಲ್ಲಿ ಈ ಪ್ರಶ್ನೆ ಕೊಟ್ಟಿದ್ದೇನೋ. ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ, ಅದು ಜೀವಕೋಶ. ಒಳಗೆ ಚಿಕ್ಕ ವೃತ್ತ, ಅದು ಕೋಶಕೇಂದ್ರ. ಗಂಟಲಿನ ಗ್ರಂಥಿ ಕಳಿಸುವ ಹಾರ್ಮೋನಿನಲ್ಲಿ ನಾಲ್ಕು ಅಯೋಡಿನ್ ಇರುತ್ತವೆ. ರಕ್ತದಲ್ಲಿ ಅದು ಬರೀ ಪ್ರಯಾಣ ಮಾಡುತ್ತದೆ, ಕೆಲಸವೆಲ್ಲ ಕೋಶದ ಒಳಗೆ. ಒಳಗೆ ಹೋಗಲು ಪೊರೆಯಲ್ಲಿ ಅದಕ್ಕೆಂದೇ ಬಾಗಿಲುಗಳಿವೆ. ಹೊಕ್ಕ ಮೇಲೆ ಒಂದು ಕಿಣ್ವ ಅದರ ಒಂದು ಅಯೋಡಿನ್ ಕಿತ್ತು ಹಾಕುತ್ತದೆ. ನಾಲ್ಕಿದ್ದದ್ದು ಮೂರಾದಾಗಲೇ ಅದಕ್ಕೆ ಖರೆ ಕಸುವು ಬರುವುದು. ಆಗ ಅದು ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎ ಮೇಲೆ ತನಗಾಗಿ ಕಾದು ಕೂತ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಿದ್ದ ಜೀನುಗಳು ತೆರೆಯುತ್ತವೆ. ಅವುಗಳಲ್ಲಿ ಬರೆದದ್ದು ನಕಲಾಗಿ ಹೊರಗೆ ಬರುತ್ತದೆ, ಅದರಂತೆ ಪ್ರೋಟೀನುಗಳು ತಯಾರಾಗುತ್ತವೆ. ಮೈ ಬಿಸಿಯಾಗುವುದು, ಎಲುಬು ಬೆಳೆಯುವುದು, ಕರುಳು ಅಲುಗುವುದು ಎಲ್ಲ ಇದರಿಂದ. ಎಳೆಯ ಮಿದುಳಿನಲ್ಲಿ ನರಕೋಶಗಳು ತಮ್ಮ ಜಾಗ ಹುಡುಕಿ ಹೋಗುವುದು, ಟೊಂಗೆ ಚಾಚುವುದು, ಒಂದನ್ನೊಂದು ಮುಟ್ಟುವುದು ಕೂಡ ಇದರಿಂದಲೇ.

ಒಂದು ವಿಷಯವನ್ನು ಮಾತ್ರ ಪರೀಕ್ಷೆಗೆ ಬರುವುದಿಲ್ಲವೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಹಾರ್ಮೋನು ಬರದಿದ್ದರೆ ಆ ಗ್ರಾಹಕ ಸುಮ್ಮನೆ ಕೂಡುವುದಿಲ್ಲ. ಖಾಲಿ ಗ್ರಾಹಕ ಜೀನನ್ನು ಅದುಮಿ ಹಿಡಿಯುತ್ತದೆ, ತೆರೆಯಗೊಡುವುದಿಲ್ಲ. ಬಾಗಿಲು ತೆರೆಯಲು ಯಾರೂ ಬರಲಿಲ್ಲ ಎನ್ನುವುದು ಒಂದು, ಬಾಗಿಲಿಗೆ ಒಳಗಿನಿಂದ ಬೆನ್ನು ಕೊಟ್ಟು ಒಬ್ಬ ನಿಂತಿದ್ದಾನೆ ಎನ್ನುವುದು ಇನ್ನೊಂದು. ತೊಡೆಯ ಮೇಲೆ ಮಲಗಿದ್ದ ಮಗಳ ತಲೆ ನೋಡಿದೆ. ಮೆತ್ತಗಿನ ಆ ನೆತ್ತಿಯ ಕೆಳಗೆ ಲೆಕ್ಕವಿಲ್ಲದಷ್ಟು ಬಾಗಿಲುಗಳು ಹೀಗೆ ಒಳಗಿನಿಂದ ಮುಚ್ಚಿಕೊಂಡಿವೆ, ಹೊರಗೆ ಒಂದು ಸದ್ದೂ ಇಲ್ಲ. ಡಾಕ್ಟರು ನನ್ನ ಮುಖ ನೋಡಿ ನೀರು ತರಿಸಿ ಕೊಟ್ಟರು.

ಗುಳಿಗೆ ಚಾಲೂ ಆಯಿತು. ಕೂಸಿನ ಬಾಯಿಗೆ ಬೀಳುವುದೆಲ್ಲ ನಮ್ಮ ಮನೆಯಲ್ಲಿ ಅಜ್ಜಿಯ ಕೈಯಿಂದಲೇ. ಮುಂಜಾನೆ ಕೂಸಿಗೆ ನೀರು ಎರೆದು, ಲೋಬಾನದ ಹೊಗೆ ಹಾಕಿ ಆದ ಮೇಲೆ ಅವ್ವ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಗುಟ್ಟಿ ತೇಯುತ್ತಿದ್ದಳು. ಗುಟ್ಟಿ ಅಂದರೆ ಬಜೆ, ಜಾಜಿಕಾಯಿ, ಅಳಲೆಕಾಯಿ ಇಂಥವನ್ನು ಪುಟ್ಟ ಸಾಣೆಕಲ್ಲಿನ ಮೇಲೆ ತಾಯಿಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುವುದು. ತೇಯುವಾಗ ಯಾರೂ ನೋಡಬಾರದು, ಬಾಣಂತಿಯಂತೂ ಕೂಡದೇ ಕೂಡದು, ದೃಷ್ಟಿಯಾಗುತ್ತದೆ ಎಂದು ನಮ್ಮ ಮನೆಯ ನೇಮ. ನಾನು ಕೋಣೆಯಿಂದಲೇ, "ಯವ್ವಾ, ಗುಳಗಿ?" ಎಂದು ಕೂಗುತ್ತಿದ್ದೆ. "ಹಾಕೇನವಾ, ಹಾಕೇನಿ. ಎಷ್ಟ ಸಲ ಕೇಳ್ತಿ?" ಎಂದು ಅವಳು ಅಲ್ಲಿಂದಲೇ ಗದರುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಅವಳಿಗೆ ಜ್ವರ ಬಂದ ದಿನ ಕೂಡ ಸೆರಗಿನಿಂದ ಬಾಯಿ ಕಟ್ಟಿಕೊಂಡು ಎದ್ದು ಬಂದು ಕೊಟ್ಟಳು.

ಕಾಲು ಬೆಚ್ಚಗಾಗಲಿ ಎಂದು ನಾನು ಕಾಯುತ್ತಿದ್ದೆ. ಈ ಹಾರ್ಮೋನಿನ ಕೆಲಸ ಸಾವಕಾಶ ಎಂದು ನನಗೆ ಗೊತ್ತು. ಜೀನು ತೆರೆದು, ಓದಿ, ಕಟ್ಟುವ ಕೆಲಸ, ತಲೆನೋವಿನ ಗುಳಿಗೆಯಂತೆ ಅರ್ಧ ತಾಸಿಗೆ ಗುಣ ಕಾಣುವಂಥದ್ದಲ್ಲ. ಇವತ್ತಲ್ಲ ನಾಳೆ, ನಾಳೆಯಲ್ಲ ನಾಡಿದ್ದು ಎಂದು ಮನಸ್ಸಿಗೆ ಹೇಳಿಕೊಂಡೆ. ಕಾಲು ತಣ್ಣಗೇ ಇದ್ದವು. ಕೂಸು ಗಪ್ಪೇ ಇತ್ತು. ಓಣಿಯ ಹೆಂಗಸರು ಮತ್ತೆ ಬಂದು ಶಾಣ್ಯಾ ಅಂದಾಗ ನಾನು ಒಬ್ಬಾಕೆಯನ್ನು ಬಾಗಿಲಿಂದಲೇ ಕಳಿಸಿಬಿಟ್ಟೆ.

ಡಾಕ್ಟರು ಹೇಳಿದ ದಿನ ಹತ್ತಿರದ ಮುಧೋಳದ ಲ್ಯಾಬಿನಲ್ಲಿ ಕೂಸಿನ ರಕ್ತ ಮತ್ತೆ ಕೊಟ್ಟು ಬಂದೆವು. ವರದಿ ಫೋನಿಗೆ ಬಂತು. ತೆರೆದು ನೋಡಿದರೆ ಅಂಕಿಗಳು ಮೊದಲಿನಷ್ಟೇ ಕೆಟ್ಟದಾಗಿದ್ದವು, ಕೂದಲೆಳೆಯಷ್ಟೇ ಫರಕು. ದಿನಾ ಗುಳಿಗೆ ಹೋಗುತ್ತಿದೆ. ಹಾಗಿದ್ದ ಮೇಲೆ ಹೋದ ಗುಳಿಗೆ ಎಲ್ಲಿ?

ಡಾಕ್ಟರನ್ನು ಕಾಣಲು ಮರುದಿನದವರೆಗೆ ಕಾಯಬೇಕಿತ್ತು. ಆ ಒಂದು ದಿನ ನಾನು ಮನುಷ್ಯಳಾಗಿ ಇರಲಿಲ್ಲ. ಗಂಡನಿಗೆ ಹೇಳಿ ಬನಹಟ್ಟಿಯಿಂದ ನನ್ನ ಎಂಎಸ್ಸಿ ಪುಸ್ತಕಗಳನ್ನು ತರಿಸಿಕೊಂಡೆ. ಹಾಸಿಗೆ ತುಂಬ ಹರಡಿಕೊಂಡು, ಎಲ್ಲೆಲ್ಲಿ ಏನೇನು ಕೆಡಬಹುದು ಎಂದು ಬರೆದಿದೆಯೋ ಅಲ್ಲೆಲ್ಲ ನನ್ನ ಮಗಳನ್ನು ಇಟ್ಟು ನೋಡಿದೆ. ಕರುಳು ಗುಳಿಗೆಯನ್ನು ಹೀರಿಕೊಳ್ಳುತ್ತಿಲ್ಲವೇನೋ. ಮಿದುಳಿನ ಕೋಶದ ಬಾಗಿಲೇ ಕೆಟ್ಟಿದೆಯೇನೋ, ರಕ್ತದಲ್ಲಿ ಹಾರ್ಮೋನಿದ್ದರೂ ಒಳಗೆ ಬಿಡದ ಒಂದು ಅಪರೂಪದ ರೋಗ ಇದೆ. ಅದು ಗಂಡುಮಕ್ಕಳಿಗೆ ಬರುವುದು ಎಂದು ಮುಂದಿನ ಸಾಲಿನಲ್ಲೇ ಇತ್ತು, ಅದನ್ನು ಓದಿಯೂ ಹೆದರಿದೆ. ಅಯೋಡಿನ್ ಕೀಳುವ ಕಿಣ್ವ ಇಲ್ಲವೇನೋ. ಗ್ರಾಹಕಕ್ಕೆ ಕಿವುಡೇನೋ. ನನ್ನ ಮಗಳ ವರದಿಯ ಅಂಕಿಗಳಿಗೆ ಇವುಗಳಲ್ಲಿ ಅರ್ಧ ಹೊಂದುವುದೇ ಇಲ್ಲ ಎಂದು ತಣ್ಣಗೆ ಕೂತು ನೋಡಿದ್ದರೆ ನನಗೇ ತಿಳಿಯುತ್ತಿತ್ತು. ತಣ್ಣಗೆ ಕೂಡುವ ಸ್ಥಿತಿ ಎಲ್ಲಿತ್ತು? ದೇವರೇ, ನನ್ನ ಬುದ್ಧಿ ಬೇಕಾದರೆ ತಗೋ, ಕೂಸಿಗೆ ಕೊಡು ಎಂದು ಗೋಡೆಗೆ ಹಣೆ ಹಚ್ಚಿ ಅತ್ತೆ. ಅವ್ವ ಬಂದು ತಲೆ ಮುಟ್ಟಿದರೆ ಕೈ ಕೊಡವಿದೆ.

ಮರುದಿನ ಜಮಖಂಡಿಗೆ ಅವ್ವನೂ ಬಂದಳು. ಡಾಕ್ಟರು ವರದಿ ನೋಡಿ ಹುಬ್ಬು ಗಂಟು ಹಾಕಿದರು. ಗುಳಿಗೆಯ ಶಕ್ತಿ ಏರಿಸಬೇಕೋ ಏನೋ ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕಿ, ಆಮೇಲೆ ಸಹಜವಾಗಿ, "ಗುಳಗಿ ಯಾರು ಹಾಕ್ತೀರಿ ಮನ್ಯಾಗ?" ಎಂದು ಕೇಳಿದರು.

"ನಾನ ಹಾಕ್ತೇನ್ರಿ ಸಾಹೇಬ್ರ" ಎಂದಳು ಅವ್ವ. ಮಾತಿನಲ್ಲಿ ಹೆಮ್ಮೆ ಇತ್ತು. "ಒಂದ ದಿನನೂ ತಪ್ಪಿಸಿಲ್ಲರಿ. ಎರದ ಕೂಡಲೇ."

"ಹೆಂಗ ಹಾಕ್ತೀರಿ?"

"ಗುಟ್ಟಿಕಲ್ಲಿನ ಮ್ಯಾಲ್ರಿ. ಬಜಿ ಎರಡು ಸುತ್ತು, ಜಾಜಿಕಾಯಿ ಎರಡು ಸುತ್ತು, ಅಳಲಿಕಾಯಿ ಒಂದು ಸುತ್ತು. ಕಡೀಕ ನಿಮ್ಮ ಗುಳಗಿ. ಅದೂ ಎರಡು ಸುತ್ತು. ಉಳದದ್ದು ಒರಸಿ ಡಬ್ಬ್ಯಾಗ ಇಡತೇನ್ರಿ. ಮರುದಿನಕ್ಕ ಬರತೈತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಒಂದ ಗುಳಗಿ ಎಷ್ಟ ದಿನಾ ನಡೀತದವಾ ಹಂಗಾರ?" ಎಂದರು. ಮೆತ್ತಗೇ ಕೇಳಿದರು.

ಅವ್ವ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದಳು. ಎಲ್ಲೋ ಏನೋ ತಪ್ಪಿದೆ ಎಂದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು. "ಇನ್ನೂ ಮೊದಲನೇ ಗುಳಗಿನ ನಡದೈತ್ರಿ" ಎಂದಳು. "ಇಷ್ಟ ಸಣ್ಣ ಕೂಸಿಗೆ ಇಡೀ ಗುಳಗಿ ಹೆಂಗ ಹಾಕೂದು? ಉಷ್ಣಾ ಆಗೂದಿಲ್ಲೇನ್ರಿ? ಔಷಧಾ ಅಂದ ಮ್ಯಾಲೆ ಸುತ್ತಿನ ಲೆಕ್ಕನ ಅಲ್ಲೇನ್ರಿ?"

ಗುಳಿಗೆ ಕೋಶದ ಬಾಗಿಲಿಗೆ ಹೋಗುವ ಮಾತು ಹಾಗಿರಲಿ, ಅದು ಸಾಣೆಕಲ್ಲನ್ನೇ ದಾಟಿರಲಿಲ್ಲ. ನಾನು ಕಿಣ್ವ, ಗ್ರಾಹಕ ಎಂದು ಪುಸ್ತಕ ಹರಡಿಕೊಂಡು ಅಳುತ್ತಿದ್ದಾಗ ಅದು ಪಡಸಾಲೆಯ ಡಬ್ಬಿಯಲ್ಲಿ ಬಜೆಯ ಪಕ್ಕ ಆರಾಮಾಗಿ ಮಲಗಿತ್ತು.

ಆಮೇಲೆ ನಾನು ಆಡಿದ್ದನ್ನು ಇಲ್ಲಿ ಬರೆಯಲಾರೆ. ಹೊರಗೆ ಕೂತಿದ್ದ ತಾಯಂದಿರು ಎದ್ದು ಬಂದು ಪರದೆ ಸರಿಸಿ ನೋಡಿದರು, ಅಷ್ಟು ಸಾಕು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನ್ನನ್ನು ಸುಮ್ಮನಿರಿಸಿದವರು ಡಾಕ್ಟರೇ. "ಸಿಟ್ಟು ಆಮ್ಯಾಲೆ ಮಾಡ್ರಿ ಮೇಡಮ್ಮಾರ, ಮೊದಲ ಇಲ್ಲಿ ಬರ್ರಿ" ಎಂದು ಗದರಿ, ನರ್ಸಿನ ಹತ್ತಿರ ಎರಡು ಚಮಚ ತರಿಸಿದರು. ಒಂದರಲ್ಲಿ ಗುಳಿಗೆ ಇಟ್ಟು ಇನ್ನೊಂದರ ಬೆನ್ನಿನಿಂದ ಅದುಮಿ ಪುಡಿ ಮಾಡಿದರು. ನಾನು ಅಲ್ಲೇ ಮರೆಯಾಗಿ ಹಾಲು ಹಿಂಡಿ ಕೊಟ್ಟೆ. ಇಡೀ ಒಂದು ಗುಳಿಗೆ ಅವಳ ಹೊಟ್ಟೆಗೆ ಮೊದಲ ಸಲ ಹೋದದ್ದು ಆವತ್ತು, ನನ್ನ ಕೈಯಿಂದ. ಅವ್ವ ಕಣ್ಣು ಬಿಟ್ಟು ನೋಡುತ್ತಿದ್ದಳು, ಕೂಸು ಸತ್ತೇ ಹೋಗುತ್ತದೇನೋ ಎಂಬಂತೆ.

ವಾರದೊಳಗೆ ಪಾದ ಬೆಚ್ಚಗಾದವು. ಆಮೇಲೆ ಒಂದು ಮುಂಜಾನೆ ಎರೆಯುವಾಗ ನೀರು ಕಣ್ಣಿಗೆ ಹೋಗಿ ಅವಳು ಕಿರುಚಿದಳು. ಬಚ್ಚಲುಮನೆ ಹಾರಿಹೋಗುವ ಹಾಗೆ ಕಿರುಚಿದಳು. ಅವ್ವ ಕಾಲ ಮೇಲೆ ಕೂಸನ್ನು ಹಾಕಿಕೊಂಡು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. "ಅಳು ನನ್ನವ್ವಾ, ಇನ್ನಷ್ಟ ಅಳು" ಎನ್ನುತ್ತಿದ್ದಳು. ನಾನೂ ಅತ್ತೆ. ನನ್ನ ಅಳುವಿನಲ್ಲಿ ಸಂತೋಷ ಪೂರ್ತಿ ಇರಲಿಲ್ಲ. ಹೋದ ಆ ದಿನಗಳು ಏನನ್ನು ತಗೊಂಡು ಹೋದವು ಎನ್ನುವುದು ನನಗೆ ಗೊತ್ತಿರಲಿಲ್ಲ, ಯಾವ ರಕ್ತದ ವರದಿಯೂ ಅದನ್ನು ಹೇಳುವುದಿಲ್ಲ.

ಅಲ್ಲಿಂದ ಮುಂದೆ ನನ್ನ ಹೆದರಿಕೆಗೆ ಬಿಡುವೇ ಸಿಗಲಿಲ್ಲ. ಕುತ್ತಿಗೆ ನಿಂತಿತೋ, ಮಗ್ಗುಲಾದಳೋ, ಕೂತಳೋ. ನನ್ನ ನಾದಿನಿಗೂ ಅದೇ ವರ್ಷ ಹೆಣ್ಣು ಕೂಸು ಹುಟ್ಟಿತ್ತು. ಅದು ಅಂಬೆಗಾಲಿಟ್ಟ ಸುದ್ದಿ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಬನಹಟ್ಟಿಯ ಮನೆಯಲ್ಲಿ ಮಗ್ಗಗಳ ಸದ್ದು ಇಡೀ ದಿನ ಇರುತ್ತದೆ, ಅದರಲ್ಲಿ ಮಗಳು ಕರೆದರೆ ತಿರುಗುತ್ತಾಳೋ ಇಲ್ಲವೋ ಎಂದು ಗೋಡೆಯ ಆಚೆ ನಿಂತು ಕರೆದು ಕರೆದು ಪರೀಕ್ಷೆ ಮಾಡುತ್ತಿದ್ದೆ. ನನ್ನ ಗಂಡ ಒಮ್ಮೆ, "ಕೂಸಿನ್ನ ಸಾಕಾಕತ್ತೀಯೋ, ಪ್ರಾಕ್ಟಿಕಲ್ ಮಾಡಾಕತ್ತೀಯೋ?" ಎಂದರು. ಅವರ ಮೇಲೂ ಹರಿಹಾಯ್ದೆ.

ಅವ್ವ ಬದಲಾದಳು. ಮೊಮ್ಮಗಳಿಗೆ ಒಂದು ತುತ್ತು ಹಾಕಬೇಕಾದರೂ, "ಇದನ್ನ ಹಾಕಲೇನ ತಂಗಿ?" ಎಂದು ನನ್ನನ್ನು ಕೇಳುತ್ತಿದ್ದಳು. ಹಾಕು ಅನ್ನುತ್ತಿದ್ದೆ, ಆದರೆ ಆದದ್ದು ಆಯಿತು, ಹೋಗಲಿ ಬಿಡು ಎಂದು ಬಾಯಿಬಿಟ್ಟು ಅನ್ನಲು ನನಗೆ ಬಹಳ ಕಾಲ ಆಗಲಿಲ್ಲ. ಅವಳು ನಮ್ಮನೆಗೆ ಬಂದಾಗಲೆಲ್ಲ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅದರ ಮುಖವನ್ನೇ ನೋಡುತ್ತಿದ್ದಳು. ಏನು ಹುಡುಕುತ್ತಾಳೆ ಎಂದು ನನಗೆ ಗೊತ್ತಿತ್ತು. ನಾನೂ ಅದನ್ನೇ ಹುಡುಕುತ್ತಿದ್ದೆ.

ಮಗಳು ನಡೆದದ್ದು ಸ್ವಲ್ಪ ತಡ. ಮಾತು ಇನ್ನೂ ತಡ. ನಾದಿನಿಯ ಮಗಳು ಹಾಡು ಹೇಳುವಾಗ ಇವಳು ಬೆರಳು ಮಾಡಿ ತೋರಿಸುತ್ತಿದ್ದಳು. ಡಾಕ್ಟರು, "ತಡಾ ಆದ್ರ ತಡಾ, ಬರಾಕತ್ತೈತಿಲ್ಲ?" ಎನ್ನುತ್ತಿದ್ದರು. ಮೂರು ತುಂಬಿದ ಮೇಲೆ, ಮಿದುಳಿನ ದೊಡ್ಡ ಗಂಡಾಂತರ ಕಳೆಯಿತು, ಆದರೆ ಗುಳಿಗೆ ಬಿಡುವಂತಿಲ್ಲ, ಬೆಳೆಯುವ ಮೈಗೆ ಅದು ದಿನಾ ಬೇಕು ಎಂದರು. ಆ ಹೊತ್ತಿಗೆ ಅವಳು ಪುಡಿ ಬೇಡವೆಂದು ಹಟ ಮಾಡಿ ಇಡೀ ಗುಳಿಗೆಯನ್ನೇ ನೀರಿನ ಜೊತೆ ನುಂಗಲು ಕಲಿತಿದ್ದಳು. ಮುಂಜಾನೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನಾನು ಗುಳಿಗೆ ಬಾಯಿಗಿಟ್ಟು ಲೋಟ ಕೊಡುತ್ತಿದ್ದೆ, ಗಟಗಟ ಕುಡಿದು ಒಳಗೆ ಓಡುತ್ತಿದ್ದಳು. ಜಗಳವಿಲ್ಲ, ರಂಪವಿಲ್ಲ. ಅಂಗನವಾಡಿಯಲ್ಲಿ ಅವಳು ಮಾತೇ ಆಡುವುದಿಲ್ಲ, ಹೇಳಿದ್ದಕ್ಕೆ ಹೂಂ ಅಂತಾಳೆ ಅಷ್ಟೇ ಎಂದು ಅಲ್ಲಿನ ಟೀಚರು ಹೇಳಿದ ದಿನ ನನಗೆ ಜ್ವರವೇ ಬಂತು. ಎಲ್ಲದಕ್ಕೂ ಹೂಂ ಅನ್ನುವ ಮಗು ನನಗೆ ಬೇಡವಾಗಿತ್ತು.

ಹೋದ ದಸರೆಗೆ ಮುಂಚೆ ಬನಹಟ್ಟಿಯ ಮನೆಗೆ ಸುಣ್ಣ ಹೊಡೆಸುವುದಿತ್ತು. ಅವ್ವ ಕೈಗೂಡಿಸಲು ಬಂದಿದ್ದಳು. ಮುಂಜಾನೆ ನಾನು ಮಗಳಿಗೆ ಗುಳಿಗೆ ಬಾಯಿಗಿಟ್ಟು, ನೀರಿನ ಲೋಟ ಕೈಗೆ ಕೊಟ್ಟೆ. ಅಷ್ಟರಲ್ಲಿ ಒಳಕೋಣೆಯಿಂದ ಅವ್ವ, "ತಂಗೀ, ಈ ಟ್ರಂಕ್ ಒಂದೀಟು ಹಿಡಿ ಬಾ" ಎಂದು ಕರೆದಳು. ಇಬ್ಬರೂ ಸೇರಿ ಕಬ್ಬಿಣದ ಟ್ರಂಕನ್ನು ಗೋಡೆಯಿಂದ ಈಚೆಗೆ ಎಳೆದೆವು.

ಹಿಂದೆ ನೆಲದ ಮೇಲೆ ಗುಳಿಗೆಗಳು. ಸಣ್ಣ, ಬಿಳಿಯ ಗುಳಿಗೆಗಳು. ಕೆಲವು ಉಗುಳಿನಲ್ಲಿ ಕರಗಿ ಹಿಟ್ಟಾಗಿ ನೆಲಕ್ಕೆ ಅಂಟಿದ್ದವು, ಕೆಲವು ಹೊಸದರಂತೆ ಇದ್ದವು. ಈ ಹಾರ್ಮೋನು ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ನಿಲ್ಲಿಸಿದರೂ ಕೂಡಲೇ ಗೊತ್ತಾಗುವುದಿಲ್ಲ, ಎಷ್ಟು ದಿನದಿಂದ ನಡೆದಿತ್ತೋ ಇದು! ಅವ್ವನ ಮುಖ ನೋಡಿದೆ. ಅವಳು ಬೆಳ್ಳಗಾಗಿ, "ನಾ ಅಲ್ಲ ತಂಗಿ, ಬೀರಪ್ಪನಾಣಿ, ನಾ ಮುಟ್ಟಿಲ್ಲ" ಎಂದಳು. ಇಷ್ಟು ವರ್ಷದಲ್ಲಿ ನಾನು ಅವಳಿಗೆ ಮಾಡಿದ್ದು ಇದು.

"ನೀ ಅಲ್ಲಬೇ ಯವ್ವಾ, ನೀ ಅಲ್ಲ" ಎಂದು ಅವಳ ಕೈ ಹಿಡಿದೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಖಾಲಿ ಲೋಟ. ಎಂದಿನಂತೆ ಟ್ರಂಕಿನ ಹತ್ತಿರ ಓಡಿ ಬಂದವಳು, ಟ್ರಂಕು ಜಾಗದಲ್ಲಿ ಇಲ್ಲದ್ದನ್ನು ನೋಡಿ ಅಲ್ಲೇ ನಿಂತುಬಿಟ್ಟಿದ್ದಳು.

"ಯಾರು ಒಗದಾರ ಇವನ್ನ?" ಎಂದೆ.

ಅವಳು ಗುಳಿಗೆ ನೋಡಿದಳು. ನನ್ನ ನೋಡಿದಳು. ಅಜ್ಜಿಯ ನೋಡಿದಳು. ಲೆಕ್ಕ ಹಾಕುತ್ತಿದ್ದದ್ದು ಮುಖದ ಮೇಲೇ ಕಾಣುತ್ತಿತ್ತು. ಆಮೇಲೆ, ನಾಲಿಗೆ ಸ್ವಲ್ಪ ತೊಡರುತ್ತ, ಗಂಭೀರವಾಗಿ ಹೇಳಿದಳು.

"ಇಲಿವು ಅವು. ಇಲಿಗೂ ಥೈರಾಯ್ಡ್ ಐತಿ."

ಅವ್ವ ಕಿಸಕ್ಕನೆ ನಕ್ಕುಬಿಟ್ಟಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥ ಚಂದದ ಸುಳ್ಳನ್ನು ನನ್ನ ಕಾಲೇಜಿನ ಹುಡುಗರೂ ಹೇಳಿಲ್ಲ. ಅವಳು ದಿನಾ ನನ್ನ ಕಣ್ಣೆದುರೇ ಗುಳಿಗೆ ಅಡಗಿಸಿ, ನೀರು ಕುಡಿದು, ಜಾಗ ಹುಡುಕಿ ಉಗುಳಿದ್ದಳು. ನಾನು ಬೇಡಿಕೊಂಡ ಬುದ್ಧಿ ಬಂದಿತ್ತು, ಬಂದು ಮೊದಲು ನನ್ನನ್ನೇ ಏಮಾರಿಸಿತ್ತು. ಸಂತೋಷಕ್ಕೆ ಎದೆ ತುಂಬಿತು, ಅದರ ಬೆನ್ನಿಗೇ ಹಳೆಯ ಹೆದರಿಕೆ ಬಂದು ಕೂತಿತು. ಬಗ್ಗಿ ಎರಡೂ ಪಾದ ಮುಟ್ಟಿದೆ. ಬೆಚ್ಚಗಿದ್ದವೋ ತಣ್ಣಗಿದ್ದವೋ, ನನ್ನ ಕೈಯೇ ತಣ್ಣಗಾಗಿದ್ದರಿಂದ ತಿಳಿಯಲಿಲ್ಲ.

"ಬಾಯಿ ತಗಿ" ಎಂದೆ.

ತೆಗೆದಳು. ಏನೂ ಇರಲಿಲ್ಲ.

"ನಾಲಗಿ ಎತ್ತು."

ಅವಳು ಅಜ್ಜಿಯ ಕಡೆ ನೋಡಿದಳು. ಅವ್ವ ತಲೆಯಾಡಿಸಿದಳು, ಎತ್ತವಾ ಎಂದು. ಎತ್ತಿದಳು. ಆವತ್ತಿನ ಗುಳಿಗೆ ಅಲ್ಲಿ, ಅಂಚು ಕರಗಿ, ಹಾಗೇ ಕೂತಿತ್ತು.